ರೀನಾನ ಸ್ಟುಡಿಯೋಕ್ಕ ಎರಡು ಡಿಸ್ಕಿನ ಪೆಟ್ಟಿಗಿ

ಹಳಿಯಾಳದ ಬಸ್‌ಸ್ಟ್ಯಾಂಡ್ ಹಿಂದ ರೀನಾ ಸಿದ್ದಿ ಸ್ಟುಡಿಯೋ ಹಾಕಿ ಒಂಬತ್ತು ವರ್ಷಾತು. ದಾಂಡೇಲಿಯಿಂದ ಮುಂಡಗೋಡದ ತನಕ ಯಾರ ಲಗ್ನ ಇರಲಿ, ಆಕಿ ಕ್ಯಾಮರಾ ಹಾಜರ. ಹೆಣ್ಮಗಳು ವಿಡಿಯೋ ತಗೀತಾಳಂತ ಮೂಗು ಮುರದವ್ರೇ ಈಗ ಆಕಿ ತಾರೀಖ ಕೇಳಿ ಮುಹೂರ್ತ ಇಡಸ್ತಾರ. ಸುಳ್ಳಲ್ಲ, ಖರೇನ.

ಆದ್ರ ತಗದದ್ದನ್ನ ಜ್ವಾಕಿಲೆ ಇಡೋದ್ರಾಗ ಮಾತ್ರ ಶುದ್ಧ ಬೇಫಿಕೀರ. ಡ್ರಾವರಿನ್ಯಾಗ, ಬ್ಯಾಗಿನ್ಯಾಗ, ಮನ್ಯಾಗ, ಎಲ್ಲೆಂದರಲ್ಲಿ ಹಾರ್ಡ್‌ಡಿಸ್ಕ್. ಅವುಗಳಾಗ ಒಂದರಾಗ ಲಗ್ನದ ವಿಡಿಯೋ ಇರಲಿಲ್ಲ. ಆಕಿ ಅವ್ವ ನತಾಲಿನಾ, ಅವರೂರಿನ ಸಂತಾನಜ್ಜ, ಇಬ್ಬರೂ ದಮಾಮಿ ಡೋಲು ಬಾರಿಸಿಕೋತ ಹಾಡಿದ ಹದಿನೇಳು ಹಳೇ ಹಾಡು ಇದ್ದವು. ಆ ಹಾಡು ಪೂರ್ತಿ ಬರ್ತಿದ್ದುದು ಅವರಿಬ್ಬರಿಗಷ್ಟ.

ಹೋದ ಮಳಿಗಾಲದಾಗ ಮನ್ಯಾಗಿದ್ದ ಆ ಡಿಸ್ಕಿನ ಚೀಲಕ್ಕ ಬೂಸ್ಟು ಹಿಡೀತು. ನತಾಲಿನಾ ಏನ ಮಾಡಿದಳು? ಅರಿವ್ಯಾಗ ಸುತ್ತಿ, ಒಲಿ ಮ್ಯಾಲಿನ ಅಟ್ಟದಾಗ, ಬೀಜದ ಗೋವಿನಜೋಳದ ಬಾಜೂಕ ಇಟ್ಟಳು. ಥಂಡಿ ಹಿಡೀಬಾರದಂತ ಅವರ ಮನ್ಯಾಗ ಬೀಜ, ಡೋಲು ಎಲ್ಲಾ ಇಡೋದು ಅಲ್ಲೇ. ಮೂರು ತಿಂಗಳು ಕಾವು, ಹೊಗಿ ತಿಂದು ಡಿಸ್ಕ್ ಸತ್ತುಹೋತು. ಹುಬ್ಬಳ್ಳಿಯ ರಿಪೇರಿಯವ್ರೂ ಕೈ ಚೆಲ್ಲಿದರು. ಅಷ್ಟರಾಗ ಸಂತಾನಜ್ಜನೂ ತೀರಿಕೊಂಡಿದ್ದ.

"ನಿನಗ ಬುದ್ಧಿ ಐತೇನು?" ಅಂತ ರೀನಾ ಅವ್ವಗ ಅಂದುಬಿಟ್ಟಳು. ಪ್ರೀತಿಲೆ ಮಾಡಿದ ಕೆಲಸಕ್ಕ ಬೈಸಿಕೊಂಡ ಮುದುಕಿ, ಅವತ್ತಿನಿಂದ ಕ್ಯಾಮರಾ ಮುಂದ ಬಾಯಿ ಬಿಡಲಿಲ್ಲ. ರೀನಾಗ ಒಂದೇ ಚಿಂತಿ. ಅವ್ವಗ ಎಪ್ಪತ್ತಮೂರು. ಹಾಡೂ ಆಕಿ ಜೋಡಿನ ಹೋದ್ರ?

ಕೆಟ್ಟ ಮ್ಯಾಲೆ ಬುದ್ಧಿ ಬಂತು ಅಂತಾರಲ್ಲ, ಹಂಗ ಆಕಿ ಒಂದು ಸ್ಟೋರೇಜ್ ಪೆಟ್ಟಿಗಿ ತರಿಸಿದಳು. ಒಳಗ ಎರಡು ದೊಡ್ಡ ಡಿಸ್ಕ್. ಅದರಿಂದ ವಾಯರ್ ಎಳದ್ರ ಸ್ಟುಡಿಯೋದ ಎರಡೂ ಕಂಪ್ಯೂಟರಿನ್ಯಾಗ ನೇರ ಎಡಿಟಿಂಗ್ ಮಾಡಬಹುದು. ಜೋಡಿಸಾಕ ಹುಬ್ಬಳ್ಳಿಯಿಂದ ಬಂದ ಸಚಿನ, "ಎರಡೂ ಡಿಸ್ಕ್ ಕೂಡಿಸಿ ಒಂದ ಮಾಡೂಣ್ರಿ ಅಕ್ಕಾರ, ಜಾಗಾ ಡಬಲ್ ಸಿಗ್ತೈತಿ" ಅಂದ. ಎಡಿಟಿಂಗ್ ಮಾಡೋ ಜುಬೇರಗೂ ಅದೇ ಬೇಕಾಗಿತ್ತು.

"ಒಂದು ಕೆಟ್ಟರ?" ಅಂದಳು ರೀನಾ.

"ಎರಡರಾಗಿಂದೂ ಹೋಗ್ತೈತ್ರಿ."

"ಹಂಗಾರ ಬ್ಯಾಡ. ಒಂದರಾಗ ಇದ್ದದ್ದು ಇನ್ನೊಂದರಾಗೂ ಇರಲಿ."

"ಅರ್ಧಾ ಜಾಗಾ ದಂಡ ಆತಲ್ಲ ರೀನಕ್ಕ" ಅಂತ ಜುಬೇರ ಗೊಣಗಿದ.

"ಲಗ್ನದವ್ರಿಗೆ ವಿಡಿಯೋ ಕೊಟ್ಟು ಮೂರು ತಿಂಗಳಾದ ಮ್ಯಾಲೆ ಅಳಸೂಣು. ಜಾಗಾ ತಾನೇ ಆಗ್ತೈತಿ."

ಪೆಟ್ಟಿಗಿನೇ ಕಳುವಾದ್ರ ಅಂತ ಸಚಿನ ಹೆದರಿಸಿದ. ಮುಂದ ಅವ್ವ ಮತ್ತ ಹಾಡಿದ್ರ ಆ ಹಾಡಿನವು ಮಾತ್ರ ಮೂರನೇ ನಕಲು ಮಾಡಿ ಮುಂಡಗೋಡದ ಅಕ್ಕನ ಮನ್ಯಾಗ ಇಡೋದಂತ ರೀನಾ ಅದನ್ನೂ ಗಟ್ಟಿ ಮಾಡಿದಳು. ಈಗ ಬುದ್ಧಿ ಎಷ್ಟು ಚುರುಕು ನೋಡ್ರಿ!

ಮರುದಿನ ಸಚಿನ ಇನ್ನೂ ಅಲ್ಲೇ ಇದ್ದಾಗ ಅವ್ವನ್ನ ಕರಕೊಂಡು ಬಂದಳು. ಮುದುಕಿ ಸೆರಗಿನ್ಯಾಗ ಕೈ ಮುಚ್ಚಿಕೊಂಡು ದೂರ ಕುಂತಳು. ಪರದೆ ಮ್ಯಾಲೆ ಹೊಸ ಪೆಟ್ಟಿಗ್ಯಾಗಿಂದ ಜೋಯಿಡಾದ ಒಂದು ಲಗ್ನದ ವಿಡಿಯೋ ಓಡಾಕತ್ತಿತ್ತು.

"ಅವ್ವಾ, ಬಾ. ಈ ಪೆಟ್ಟಿಗಿಯಿಂದ ಒಂದು ಡಿಸ್ಕ್ ಜಗ್ಗು."

"ನಾ ಒಲ್ಲೆ. ನಾ ಮುಟ್ಟಿದ್ದು ಕೆಡತೈತಿ."

"ಕೆಡಲಿ, ಜಗ್ಗು."

ಸಚಿನ ಗಾಬರಿಯಾದ. ನತಾಲಿನಾ ಕಣ್ಣು ಮುಚ್ಚಿ ಜಗ್ಗಿದಳು. ಪೆಟ್ಟಿಗಿ ಕೀಂಯ್ ಅಂತು. ಪರದೆ ಮ್ಯಾಲೆ ಮದುಮಗಳು ಕುಣಿಯಾಕತ್ತಿದ್ದಳು, ಕುಣಕೋತನೇ ಇದ್ದಳು. ನತಾಲಿನಾ ಕೈಯಾಗಿನ ಡಿಸ್ಕ್ ನೋಡಿದಳು, ಪರದೆ ನೋಡಿದಳು.

"ನಿಂದರಲಿಲ್ಲಲ್ಲ?"

"ನಿಂದರೂದಿಲ್ಲವ್ವಾ, ಇನ್ನೊಂದರಾಗೂ ಅದೇ ಐತಿ. ನಿಮ್ಮ ಹಾಡು ಒಂದೇ ಡಿಸ್ಕಿನ್ಯಾಗ ಇಟ್ಟಾಕಿ ನಾನು, ತಪ್ಪು ನಂದು. ಅವತ್ತ ನಿನಗ ಅಂದದ್ದು ನನಗ ಇನ್ನೂ ಚುಚ್ಚತೈತಿ."

ನತಾಲಿನಾ ಡಿಸ್ಕ್ ಸಚಿನನ ಕೈಯಾಗ ಕೊಟ್ಟು, ಕುರ್ಚಿ ಜಗ್ಗಿಕೊಂಡು ನಡುವ ಕುಂತಳು.

"ಕ್ಯಾಮರಾ ಹಚ್ಚು" ಅಂದಳು. "ಸಂತಾನನ ಪಾಲಿಂದೂ ನಾನೇ ಹಾಡ್ತೇನಿ."