ಅಮ್ಮನ ಹೆಸರಿನ ಮೆಟ್ಟಿಲು

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಇಸ್ತ್ರಿಯಕ್ಕ ಅನ್ನುತ್ತಿದ್ದರು. ವಯಸ್ಸಿನಲ್ಲಿ ದೊಡ್ಡವರೂ ಅಕ್ಕ ಅನ್ನುತ್ತಿದ್ದರು. ತಮ್ಮ ಅಂಗಿ ಅವಳ ಕೈಯಲ್ಲಿರುವಾಗ ಮರ್ಯಾದೆ ಕೊಡುವುದು ಒಳ್ಳೆಯದು ಎಂಬಷ್ಟು ಬುದ್ಧಿ ಎಲ್ಲರಿಗೂ ಇತ್ತು.

ಅವಳ ಅಂಗಡಿ, ಮನೆ ಎರಡೂ ಒಂದೇ. ಮೆಟ್ಟಿಲ ಕೆಳಗಿನ ಕೋಣೆ. ಬಾಗಿಲ ಹತ್ತಿರ ನೆಟ್ಟಗೆ ನಿಲ್ಲಬಹುದು. ಒಳಗೆ ಹೋದಂತೆ ಚಾವಣಿ ಇಳಿಯುತ್ತದೆ. ನಡು ಬಗ್ಗಿಸಬೇಕು, ಆಮೇಲೆ ಕೂರಬೇಕು, ಕೊನೆಗೆ ಮಲಗುವುದೊಂದೇ ದಾರಿ. ಅಲ್ಲಿ ಅವಳ ಹಾಸಿಗೆ, ಪಕ್ಕದಲ್ಲಿ ಅವಳ ಅಮ್ಮನ ಹಾಸಿಗೆ. ತಲೆಯ ಮೇಲೆ ಯಾರಾದರೂ ಮೆಟ್ಟಿಲು ಇಳಿದರೆ ಸುಣ್ಣದ ಪುಡಿ ಉದುರುತ್ತದೆ. ಹೆಜ್ಜೆ ಸದ್ದು ಕೇಳಿದ ಕೂಡಲೇ ಬಿಳಿ ಅಂಗಿಯ ಮೇಲೆ ಹಳೇ ದುಪ್ಪಟಿ ಎಳೆಯಬೇಕು. ಅದು ಅವಳ ಕೈಗೆ ತಾನಾಗಿಯೇ ಬರುತ್ತಿತ್ತು.

ಆ ಹೆಜ್ಜೆ ದೊಡ್ಡಣ್ಣನದು. ಅವನದು ಮಹಡಿ. ಕೆಳಗಿನ ಮನೆ ಚಿಕ್ಕಣ್ಣನದು. ಅಪ್ಪ ಬದುಕಿರುವಾಗಲೇ ಹಾಗೆ ಭಾಗ ಮಾಡಿದ್ದ. ಮಗಳಿಗೆ ಗಂಡನ ಮನೆ ಇದೆಯಲ್ಲ ಅಂದಿದ್ದ. ಆ ಗಂಡ ಸತ್ತು, ಆ ಮನೆಯವರು ಬಾಗಿಲು ಹಾಕಿಕೊಂಡಾಗ ಅಪ್ಪ ನೋಡಲು ಇರಲಿಲ್ಲ.

ಮೆಟ್ಟಿಲು ಮತ್ತು ಅದರ ಕೆಳಗಿನ ಕೋಣೆಯನ್ನು ಮಾತ್ರ ಅಪ್ಪ ಅಮ್ಮನ ಹೆಸರಿಗೆ ಬರೆದಿದ್ದ. "ಇದು ನಿನ್ನ ಹತ್ರ ಇರ್ಲಿ. ಇದಕ್ಕಾದ್ರೂ ಇಬ್ರೂ ಬಂದು ಮಾತಾಡ್ತಾರೆ" ಅಂದಿದ್ದನಂತೆ.

ಇಬ್ಬರೂ ಮಾತಾಡಿದರು. ನಡುವಿನ ಮೆಟ್ಟಿಲೊಂದು ಒಡೆದಾಗ ದೊಡ್ಡಣ್ಣ ಬಂದು, "ಅಮ್ಮಾ, ನಿನ್ನ ಮೆಟ್ಟಿಲು ಒಡೆದಿದೆ" ಅಂದ. ಚಿಕ್ಕಣ್ಣ ಬಂದು, "ಅಮ್ಮಾ, ನಿನ್ನ ಮೆಟ್ಟಿಲಿನ ಚೂರು ನನ್ನ ಬಾಗಿಲ ಮುಂದೆ ಬಿದ್ದಿದೆ" ಅಂದ. ಇಷ್ಟು ಕಾಳಜಿ ತೋರಿಸಿ ಇಬ್ಬರೂ ದಣಿದು ತಮ್ಮ ತಮ್ಮ ಮನೆಗೆ ಹೋದರು. ಮೆಟ್ಟಿಲು ಹಾಗೇ ಉಳಿಯಿತು. ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಜಗಳ ಯಾಕೆ ಶುರುವಾಯಿತೆಂಬುದು ಇಬ್ಬರಿಗೂ ಮರೆತುಹೋಗಿತ್ತು. ಬಿಡಬಾರದು ಅನ್ನುವುದು ಮಾತ್ರ ಚೆನ್ನಾಗಿ ನೆನಪಿತ್ತು.

ಹಾಗಿರುವಾಗ ಅಮ್ಮ ತೀರಿಕೊಂಡಳು. ಗಂಡುಮಕ್ಕಳಿಬ್ಬರೂ ಅತ್ತರು. ಒಬ್ಬನ ಅಳು ಇನ್ನೊಬ್ಬನಿಗಿಂತ ಕಡಿಮೆಯಾಗದಂತೆ ನೋಡಿಕೊಂಡು ಅತ್ತರು. ಕಣ್ಣೀರು ಆರುವ ಮೊದಲೇ ಪೌತಿ ಖಾತೆಯ ಮಾತು ಬಂತು. ಸತ್ತವರ ಹೆಸರಿನ ಆಸ್ತಿಯನ್ನು ಇದ್ದವರ ಹೆಸರಿಗೆ ಮಾಡಿಸಬೇಕಲ್ಲ. ಅಮ್ಮ ಯಾವ ಮಾತ್ರೆ ನುಂಗುತ್ತಿದ್ದಳು ಎಂಬುದು ಗೊತ್ತಿರದ ಇಬ್ಬರಿಗೂ ಯಾವ ಕಚೇರಿಯ ಯಾವ ಕಿಟಕಿಯಲ್ಲಿ ಅರ್ಜಿ ಕೊಡಬೇಕು ಎಂಬುದು ಬಾಯಿಪಾಠವಾಗಿತ್ತು.

ಮೊದಲು ದೊಡ್ಡಣ್ಣ ಬಂದ. ನೆಪಕ್ಕೆ ಒಂದು ಪ್ಯಾಂಟು ತಂದಿದ್ದ.

"ನೋಡು ಪುಟ್ಟಿ, ದಿನಾ ಮೆಟ್ಟಿಲು ಹತ್ತೋನು ನಾನು. ಅಂದ್ಮೇಲೆ ಅದು ನಂದೇ ತಾನೆ? ನಿನ್ನ ಪಾಲು ನನಗೆ ಬಿಟ್ಟುಕೊಡು. ಈ ಕೋಣೆನ ಉಗ್ರಾಣ ಮಾಡ್ಕೋತೀನಿ."

"ನಾನೆಲ್ಲಿ ಇರ್ಲಿ ಅಣ್ಣ?"

"ನಿನ್ನನ್ನ ಬೀದಿಗೆ ಬಿಡ್ತೀನಾ? ತಾರಸಿ ಮೇಲೆ ನೀರಿನ ಟ್ಯಾಂಕ್ ಪಕ್ಕ ಒಂದು ಶೀಟ್ ಹಾಕಿಸ್ಕೊಡ್ತೀನಿ. ಒಳ್ಳೆ ಗಾಳಿ."

"ಮಳೆ ಬಂದ್ರೆ?"

"ಮಳೆ ಏನು ವರ್ಷವಿಡೀ ಬರುತ್ತಾ?"

ಅವನು ಆ ಕಡೆ ಹೋದ, ಚಿಕ್ಕಣ್ಣ ಈ ಕಡೆಯಿಂದ ಬಂದ. ಅವನ ಕೈಯಲ್ಲಿ ಒಂದು ಕರವಸ್ತ್ರ.

"ಪುಟ್ಟಿ, ಈ ಗೋಡೆ ತೆಗೆದ್ರೆ ನನ್ನ ಸ್ಕೂಟರ್ ಆರಾಮಾಗಿ ನಿಲ್ಲುತ್ತೆ ಕಣೇ. ಪಾಪ, ಬಿಸಿಲಲ್ಲಿ ಬಣ್ಣ ಹೋಗ್ತಿದೆ."

"ನಾನು?"

"ನಿನಗೇನು? ನನ್ನ ಮನೆ ಬಾಗಿಲು ನಿನಗೆ ಯಾವತ್ತೂ ತೆರೆದಿರುತ್ತೆ."

"ರಾತ್ರೀನೂ?"

"ರಾತ್ರಿ ಹೇಗಾಗುತ್ತೆ? ಕಳ್ಳರ ಕಾಟ ಅಲ್ವಾ."

ಯಾರು ಗೆದ್ದರೂ ಇಸ್ತ್ರಿ ಮೇಜು ಬೀದಿಗೆ. ಅದು ಅವಳಿಗೆ ಅರ್ಥವಾಯಿತು. ಅವಳು ಇಬ್ಬರಿಗೂ ಒಂದೇ ಮಾತು ಹೇಳಿದಳು. "ಯೋಚನೆ ಮಾಡ್ತೀನಿ ಅಣ್ಣ."

ಮರುದಿನ ದೊಡ್ಡಣ್ಣ ಮತ್ತೆ ಇಣುಕಿದ. "ಅವನು ಬಂದಿದ್ನಾ? ಏನಂದ?"

"ನೀನು ಅಂದಿದ್ದೇ ಅಂದ."

"ನೀನೇನಂದೆ?"

"ಯೋಚನೆ ಮಾಡ್ತೀನಿ ಅಂದೆ."

"ಅವನಿಗೂನಾ?" ಅವನ ಮುಖ ಸುಟ್ಟ ಕಾಲರಿನಂತಾಯಿತು.

ಅವಳು ಒಂದು ಸುಳ್ಳನ್ನೂ ಹೇಳಲಿಲ್ಲ. ಹೇಳುವ ಅಗತ್ಯವೇ ಬೀಳಲಿಲ್ಲ. ಅಷ್ಟು ವರ್ಷ ಆ ಕೋಣೆಯಲ್ಲಿ ಜನ ಇದ್ದಾರೆ ಎಂಬುದನ್ನೇ ಗಮನಿಸದ ಅತ್ತಿಗೆಯರಿಬ್ಬರೂ ಟೀ ಕಳಿಸತೊಡಗಿದರು. ಮೇಲಿನಿಂದ ಒಂದು ಲೋಟ, ಕೆಳಗಿನಿಂದ ಒಂದು ಲೋಟ. ಅವಳು ಎರಡನ್ನೂ ಕುಡಿದಳು.

ಕಚೇರಿಗೆ ಮೂವರೂ ಒಂದೇ ದಿನ ಹೋದರು. ಅಣ್ಣಂದಿರು ಬೆಂಚಿನ ಎರಡು ತುದಿಯಲ್ಲಿ ಕೂತರು. ನಡುವೆ ತಂಗಿ. ಗುಮಾಸ್ತ ಮರಣ ಪತ್ರ ನೋಡಿ ತಲೆ ಎತ್ತಿದ.

"ಮೂವರೂ ವಾರಸುದಾರರು. ಜಂಟಿಯಾಗಿ ಮೂವರ ಹೆಸರಿಗೆ ಮಾಡಿಸ್ಕೊಳ್ಳಿ. ಇಲ್ಲಾಂದ್ರೆ ಯಾರಾದ್ರೂ ಒಬ್ಬರ ಹೆಸರಿಗೆ. ಉಳಿದಿಬ್ರು ಹಕ್ಕು ಬಿಟ್ಟುಕೊಟ್ಟಿದ್ದೀವಿ ಅಂತ ಪತ್ರ ಮಾಡಿ ತರಬೇಕು."

"ಇವನ ಹೆಸರಿನ ಪಕ್ಕ ನನ್ನ ಹೆಸರು ಬರಬಾರದು ಅಂತ ಹೇಳಿ ಸಾರ್" ಅಂದ ದೊಡ್ಡಣ್ಣ.

"ನನ್ನ ಹೆಸರೇನು ಬಿಟ್ಟಿ ಬಿದ್ದಿಲ್ಲ ಅಂತ ಅವನಿಗೂ ಹೇಳಿ ಸಾರ್" ಅಂದ ಚಿಕ್ಕಣ್ಣ.

"ಇಬ್ರೂ ಒಂದೇ ಬೆಂಚಲ್ಲಿ ಕೂತಿದ್ದೀರಲ್ರೀ, ನಡುವೆ ನಾನ್ಯಾಕೆ ಬಾಯಿ ನೋಯಿಸ್ಕೊಳ್ಲಿ? ಊಟದ ಹೊತ್ತಾಯ್ತು. ನೀವೇನಂತೀರಮ್ಮ?"

ಇಸ್ತ್ರಿಯಕ್ಕ ಸೆರಗು ಸರಿ ಮಾಡಿಕೊಂಡಳು. "ನನಗೆ ಇಬ್ಬರೂ ಅಣ್ಣಂದಿರೇ ಸಾರ್. ಇವರಲ್ಲಿ ಒಬ್ರು ಮೊದಲು ಬಿಟ್ಟುಕೊಡ್ಲಿ. ಇನ್ನೊಬ್ರಿಗೆ ನನ್ನ ಪಾಲನ್ನೂ ಕೊಟ್ಟುಬಿಡ್ತೀನಿ."

ಬೆಂಚು ಕಿರ್ ಅಂದಿತು. ಚಿಕ್ಕಣ್ಣ ಎದ್ದು ನಿಂತಿದ್ದ.

"ನಾನು ಅವನಿಗೆ ಬಿಡೋದಾ? ಅದಕ್ಕಿಂತ ಇವಳಿಗೇ ಬರೆದುಕೊಡ್ತೀನಿ!"

ಸಾಲಿನಲ್ಲಿ ನಿಂತಿದ್ದ ಮುದುಕನೊಬ್ಬನಿಗೆ ಮೊದಲ ಅರ್ಧ ಕೇಳಿಸಿರಲಿಲ್ಲ. "ಭೇಷ್! ಅಣ್ಣ ಅಂದ್ರೆ ಹಿಂಗಿರ್ಬೇಕು ನೋಡಿ" ಅಂದ. ಸಾಲಿನವರೆಲ್ಲ ತಿರುಗಿ ಚಿಕ್ಕಣ್ಣನನ್ನು ಮೆಚ್ಚಿ ನೋಡಿದರು.

ದೊಡ್ಡಣ್ಣ ಆಸ್ತಿ ಹೋದರೆ ತಡೆದುಕೊಳ್ಳುತ್ತಿದ್ದನೇನೋ. ತಮ್ಮನನ್ನು ಹೊಗಳಿದ್ದನ್ನು ಅವನಿಂದ ತಡೆಯಲಾಗಲಿಲ್ಲ.

"ಏನ್ರೀ ಭೇಷ್? ಮನೆಗೆ ಹಿರಿಯ ನಾನು. ನನ್ನ ಪಾಲೂ ತಂಗಿಗೇ. ಮೊದಲ ಸೈನ್ ನಂದು!"

"ಹೇಳಿದ್ದು ಮೊದಲು ನಾನು!"

ಪೆನ್ನಿಗೆ ಎಳೆದಾಟವಾಯಿತು. ಇಬ್ಬರ ಮನಸ್ಸಿನಲ್ಲೂ ಒಂದೇ ಲೆಕ್ಕ: ಇವಳು ಪಾಪದವಳು, ಇವಳ ಕೈಯಿಂದ ಆಮೇಲೆ ಕಿತ್ತುಕೊಂಡರಾಯಿತು. ಬಿಸಿ ಇರುವಾಗಲೇ ಮಡಿಕೆ ಕೂರಿಸಬೇಕು ಎಂದು ಇಸ್ತ್ರಿ ಮಾಡುವವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಪತ್ರ ಬರೆಯುವವನು ಅದೇ ಕಟ್ಟಡದಲ್ಲಿ ಕೂತಿದ್ದ. ನೋಂದಣಿ ಕಚೇರಿ ಅವನ ಪಕ್ಕದಲ್ಲೇ. ಅಣ್ಣಂದಿರ ಕೋಪ ಆರುವುದರೊಳಗೆ ಹೆಬ್ಬೆಟ್ಟು, ಫೋಟೋ, ಸೈನು ಎಲ್ಲ ಮುಗಿಯಿತು.

ಆಮೇಲೆ ಖಾತೆ ಅವಳ ಹೆಸರಿಗೆ ಬಂತು. ಅಣ್ಣಂದಿರ ಪ್ರೀತಿಗೆ ಕೂಡಲೇ ಹೊಸ ದಾರಿ ಸಿಕ್ಕಿತು.

"ಪುಟ್ಟಿ, ನಿನ್ನ ಮೆಟ್ಟಿಲು ಒಡೆದಿದೆ" ಅಂದ ದೊಡ್ಡಣ್ಣ.

"ಪುಟ್ಟಿ, ಚೂರು ನನ್ನ ಬಾಗಿಲ ಮುಂದೆ ಬಿದ್ದಿದೆ" ಅಂದ ಚಿಕ್ಕಣ್ಣ.

"ಆಯ್ತಣ್ಣ" ಅಂದಳು. ಗಾರೆಯವನನ್ನು ಕರೆಸಿದಳು. ಅವನು ಒಡೆದಿದ್ದನ್ನು ಕಿತ್ತು, ಹೊಸದಾಗಿ ಸಿಮೆಂಟು ಹಾಕಿ, ಮೆಟ್ಟಿಲ ಬುಡದಲ್ಲಿ ದಾರಿಗೆ ಅಡ್ಡಲಾಗಿ ಹಲಗೆ ಇಟ್ಟ. ಗಟ್ಟಿಯಾಗುವವರೆಗೆ ಯಾರೂ ಕಾಲಿಡಬಾರದು ಅಂದ. ಈ ವಿಷಯವನ್ನು ಅವಳು ದೊಡ್ಡಣ್ಣನಿಗೆ ಮೊದಲೇ ಹೇಳಿದ್ದಳು. ತಂಗಿ ಹೇಳಿದ್ದನ್ನು ಕಿವಿಗೆ ಹಾಕಿಕೊಳ್ಳುವ ಅಭ್ಯಾಸ ಅವನಿಗಿರಲಿಲ್ಲ.

"ಪುಟ್ಟೀ! ನಾನು ಕೆಳಗೆ ಬರೋದು ಹೇಗೆ?" ಮಹಡಿಯಿಂದ ಕೂಗಿದ.

"ಬರಬೇಡ ಅಣ್ಣ. ಮೆಟ್ಟಿಲು ಹಸಿ ಇದೆ."

"ಹಾಲು?"

ಇಸ್ತ್ರಿಯಕ್ಕ ಮುಂದಿನ ಅಂಗಿ ಎಳೆದುಕೊಂಡಳು. ಅವಳ ಕೈಯಲ್ಲಿ ಕೆಂಡದ ಇಸ್ತ್ರಿಪೆಟ್ಟಿಗೆ ಇತ್ತು. ಸ್ವಲ್ಪ ಹೊತ್ತಿಗೆ ಮೇಲಿನಿಂದ ಒಂದು ಹಗ್ಗ, ಹಗ್ಗದ ತುದಿಗೆ ಒಂದು ಚೀಲ ಇಳಿಯಿತು. ಚಿಕ್ಕಣ್ಣನ ಬಾಗಿಲ ಮುಂದೆ ತೂಗಾಡಿತು. ಚಿಕ್ಕಣ್ಣ ಅದನ್ನು ಬಹಳ ಹೊತ್ತು ನೋಡಿದ. ಆಮೇಲೆ ಸುತ್ತಮುತ್ತ ನೋಡಿದ. ಸಾಲಿನಲ್ಲಿ ನಿಂತು ಮೆಚ್ಚುವವರು ಇಲ್ಲಿ ಯಾರೂ ಇರಲಿಲ್ಲ. ಆದರೂ ಹಾಲಿನ ಪ್ಯಾಕೆಟ್ ಹಾಕಿದ.

"ಗಂಟು ಸರಿಯಾಗಿ ಹಾಕೋ. ಚಿಕ್ಕಂದಿನಿಂದ ನಿನಗೆ ಗಂಟು ಹಾಕೋಕೆ ಬರಲ್ಲ."

"ನೆಟ್ಟಗೆ ಎಳಿ ನೀನು. ಗೋಡೆಗೆ ಬಡಿದು ಒಡೆದ್ರೆ ನನ್ನ ಕೇಳ್ಬೇಡ."

"ನನಗೆ ಎಳೆಯೋದು ಹೇಳ್ಕೊಡ್ತೀಯಾ?"

"ಮತ್ತೆ ಯಾರು ಹೇಳ್ಕೊಡ್ಬೇಕು, ಮೇಲೆ ಹೋಗ್ತಾ ಅದು ತಿರುಗ್ತಿದೆ ನೋಡು!"

ಅಪ್ಪ ಅಂದುಕೊಂಡಿದ್ದು ಕೊನೆಗೂ ಆಯಿತು. ಮೆಟ್ಟಿಲು ಇಲ್ಲದಾಗ ಆಯಿತು, ಅಷ್ಟೇ.

ಮತ್ತೆ ಗಾರೆಯವನು ಬಂದಾಗ ಹಗ್ಗ ಇನ್ನೂ ಮೇಲೆ ಕೆಳಗೆ ಓಡಾಡುತ್ತಿತ್ತು. ಅವನು ಮೆಟ್ಟಿಲನ್ನು ಬೆರಳಿನಿಂದ ತಟ್ಟಿ ನೋಡಿದ.

"ಕಲ್ಲಾಗಿದೆ ಅಕ್ಕ. ಹಲಗೆ ತೆಗೀಲಾ?"

ಇಸ್ತ್ರಿಯಕ್ಕ ತಲೆ ಎತ್ತಿ ಚಾವಣಿ ನೋಡಿದಳು. ಹೆಜ್ಜೆ ಸದ್ದಿರಲಿಲ್ಲ, ಪುಡಿಯೂ ಉದುರುತ್ತಿರಲಿಲ್ಲ. ಮೇಜಿನ ಮೇಲೆ ಬಿಳಿ ಅಂಗಿ ದುಪ್ಪಟಿ ಹೊದಿಸದೆ ಹರಡಿತ್ತು.

"ಇರ್ಲಿ ಬಿಡಪ್ಪ" ಅಂದಳು. "ಇನ್ನೂ ಸ್ವಲ್ಪ ಹಸಿ ಇದೆ."