ಮೊಹರಿನ ಮೇಲಿನ ಕುಂಕುಮ

ನನ್ನ ಡಿಗ್ರಿಯನ್ನು ಡಿಗ್ರಿ ಎಂದು ಒಪ್ಪಿಕೊಂಡವರು ಮನೆಯಲ್ಲೂ ಇರಲಿಲ್ಲ, ಹೊರಗೂ ಇರಲಿಲ್ಲ. ಗಂಡನ ಕಂಪನಿ ಮೊದಲು ನಮ್ಮನ್ನು ಅಮೆರಿಕಕ್ಕೆ ಕಳಿಸಿದಾಗ ಅಲ್ಲಿನ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷ ಜೀವಶಾಸ್ತ್ರ, ರಸಾಯನಶಾಸ್ತ್ರ ಓದಿದೆ. ಸುತ್ತಮುತ್ತಲಿನವರು ಯಾವ ವಯಸ್ಸಿನಲ್ಲಾದರೂ ಹೋಗಿ ಕಲಿಯಬಹುದಾದ ಕಾಲೇಜು ಅದು. ಆಮೇಲೆ ಜಪಾನಿಗೆ ವರ್ಗವಾಯಿತು. ಉಳಿದ ಓದನ್ನು ಅಲ್ಲಿನ ಇಚಿಕಾವಾ ಊರಿನ ಮನೆಯ ಅಡುಗೆಕಟ್ಟೆಯ ಪಕ್ಕ ಕೂತು ಆನ್‌ಲೈನ್‌ನಲ್ಲಿ ಮುಗಿಸಿದೆ. ಹಠಕ್ಕೆ ಬಿದ್ದು ಜಪಾನಿ ಭಾಷೆಯನ್ನೂ ಕಲಿತೆ.

ಜಪಾನಿನ ಕೆಲವು ಮೆಡಿಕಲ್ ಕಾಲೇಜುಗಳು ಡಿಗ್ರಿ ಆದವರಿಗೆ ಪರೀಕ್ಷೆ ಇಟ್ಟು ನೇರ ಎರಡನೇ ವರ್ಷಕ್ಕೆ ಸೇರಿಸಿಕೊಳ್ಳುತ್ತವೆ. ನನಗೆ ಡಾಕ್ಟರಾಗಬೇಕಿತ್ತು. ವಯಸ್ಸು ಮೂವತ್ತಾರು, ಗಂಡನ ಪೋಸ್ಟಿಂಗ್ ಮುಂದಿನ ಮಾರ್ಚ್‌ಗೆ ಮುಗಿಯುವುದಿತ್ತು. ಸೀಟು ಸಿಕ್ಕರೆ ಇಲ್ಲೇ ಉಳಿಯೋಣ ಎಂದು ಅವರು ಮಾತು ಕೊಟ್ಟಿದ್ದರು, ಸಿಗುವುದಿಲ್ಲ ಎಂಬ ಧೈರ್ಯದ ಮೇಲೆ. ಆ ವರ್ಷ ತಪ್ಪಿದರೆ ಇನ್ನಿಲ್ಲ.

ಮೆಡಿಕಲ್ ಕಾಲೇಜಿನ ಗುಮಾಸ್ತರು ಫೋನಿನಲ್ಲಿ ಹತ್ತು ಸಲ ಸುಮಿಮಾಸೆನ್ ಎಂದು ಕ್ಷಮೆ ಕೇಳಿ ಹನ್ನೊಂದನೇ ಸಲ ಆಗುವುದಿಲ್ಲ ಎನ್ನುತ್ತಿದ್ದರು. ಆನ್‌ಲೈನ್ ಡಿಗ್ರಿ ಎಂದರೆ ಅವರಿಗೆ ಅನುಮಾನ. ಲ್ಯಾಬಿನಲ್ಲಿ ನಿಂತು ಕಲಿತದ್ದಕ್ಕೆ ದಾಖಲೆ ಬೇಕು. ಅದು ಕಮ್ಯುನಿಟಿ ಕಾಲೇಜಿನ ಅಂಕಪಟ್ಟಿಯಲ್ಲಿತ್ತು. ಆದರೆ ಇ-ಮೇಲ್ ನಡೆಯದು. ಆ ಕಾಲೇಜೇ ಲಕೋಟೆ ಅಂಟಿಸಿ, ಅಂಟಿನ ಮೇಲೆ ಮೊಹರು ಒತ್ತಿರಬೇಕು, ನಾನು ಒಡೆಯಕೂಡದು. ಕೊರೊನಾದ ಆ ವರ್ಷ ಅವರ ಸ್ವಂತ ವಿದ್ಯಾರ್ಥಿಗಳು ಮನೆಯಲ್ಲಿ ಕೂತು ಆನ್‌ಲೈನ್‌ನಲ್ಲೇ ಡಾಕ್ಟರಾಗುತ್ತಿದ್ದರು. ಅದನ್ನು ಕೇಳಿಯೂ ಬಿಟ್ಟೆ. ಆ ಕಡೆಯಿಂದ ಮತ್ತೆ ಸುಮಿಮಾಸೆನ್. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದನ್ನು ಜಪಾನಿಯಲ್ಲಿ ಹೇಗೆ ಹೇಳುತ್ತಾರೋ ನನಗೆ ಗೊತ್ತಿರಲಿಲ್ಲ.

ಅಮೆರಿಕದ ಕಾಲೇಜು ಕೊರೊನಾದಿಂದ ಬೀಗ ಹಾಕಿತ್ತು. ಮೂರು ತಿಂಗಳು ಬೇಡಿದ ಮೇಲೆ ಅಲ್ಲಿನ ಹೆಂಗಸೊಬ್ಬರು ನನಗಾಗಿಯೇ ಕಚೇರಿಗೆ ಹೋಗಿ ಕೊರಿಯರ್ ಮಾಡಿದರು. ಅರ್ಜಿಯ ಕೊನೆಯ ದಿನಕ್ಕೆ ಎರಡು ದಿನ ಇರುವಾಗ ಲಕೋಟೆ ಬಂತು. ಮೇಜಿನ ಮೇಲಿಟ್ಟು ಸ್ನಾನಕ್ಕೆ ಹೋದೆ.

ವಿಮಾನ ನಿಂತು ಮೈಸೂರಿಗೆ ಹೋಗಲಾಗದೆ ನಮ್ಮಲ್ಲೇ ಉಳಿದಿದ್ದ ಅತ್ತೆಗೆ ನನ್ನ ಓದು ಕಂಡರೆ ಆಗುತ್ತಿರಲಿಲ್ಲ. ಮಗಳನ್ನು ಓದಿಸೋ ವಯಸ್ಸಲ್ಲಿ ತಾನೇ ಸ್ಕೂಲಿಗೆ ಹೊರಟಿದ್ದಾಳೆ ಎಂದು ತಂಗಿಗೆ ಫೋನಿನಲ್ಲಿ, ನನಗೆ ಕೇಳುವ ಹಾಗೇ ಹೇಳುತ್ತಿದ್ದರು. ಸ್ನಾನ ಮುಗಿಸಿ ಬಂದರೆ ಲಕೋಟೆ ದೇವರ ಪಟದ ಮುಂದಿದೆ. ಮದುವೆ ಕಾಗದಕ್ಕೆ ಹಚ್ಚುವಂತೆ ನಾಲ್ಕು ಮೂಲೆಗೂ ಕುಂಕುಮ. ಸಾಲದೆಂದು ಮೊಹರಿನ ಮೇಲೂ ದಪ್ಪ ಬೊಟ್ಟು.

"ಶುಭದ ಕಾಗದ ಕಣಮ್ಮ, ಬರಿದಾಗಿ ಕಳಿಸ್ತಾರಾ?" ಎಂದರು ಅತ್ತೆ.

ಹೊಟ್ಟೆಕಿಚ್ಚಿಗೆ ಬೇಕೆಂದೇ ಮಾಡಿದ್ದೀರಿ ಎಂದು ಬಾಯಿಗೆ ಬಂದಂತೆ ಬೈದೆ. ಅವರು ಸೆರಗಿನಲ್ಲಿ ಕಣ್ಣೊರೆಸುತ್ತ ಒಳಗೆ ಹೋದರು. ಕೋಪದ ಕೈಗೆ ಬುದ್ಧಿ ಕೊಟ್ಟ ನಾನು ಬಾಗಿಲ ಬಳಿಯ ಸ್ಯಾನಿಟೈಸರನ್ನು ಹತ್ತಿಗೆ ಸುರಿದುಕೊಂಡು ಆ ಬೊಟ್ಟನ್ನು ಉಜ್ಜಿದೆ. ಕುಂಕುಮ ಹೋಯಿತು. ಅದರ ಕೆಳಗಿನ ನೀಲಿ ಶಾಯಿಯ ಮೊಹರೂ ಕರಗಿ ಹತ್ತಿಗೆ ಬಂತು. ಹತ್ತಿಯನ್ನು ಕಸದ ಚೀಲದ ತಳಕ್ಕೆ ತುರುಕಿದೆ. ಬೇರೆ ದಾರಿಯಿಲ್ಲದೆ ಲಕೋಟೆಯನ್ನು ಹಾಗೇ ಕಳಿಸಿದೆ.

ಗುಮಾಸ್ತರ ಫೋನು ವಾರದೊಳಗೇ ಬಂತು. ಮೂಲೆಗಳ ಕೆಂಪು ಬಣ್ಣದಿಂದ ಏನೂ ತೊಂದರೆಯಿಲ್ಲವಂತೆ. ಮೊಹರನ್ನು ಯಾರೋ ಅಳಿಸಿದ್ದಾರೆ, ಒಡೆದು ಅಂಟಿಸಿಲ್ಲವೆಂದು ನಂಬುವುದು ಹೇಗೆ ಎಂದರು. ಅರ್ಜಿ ತಿರಸ್ಕೃತವಾಗಿತ್ತು. ಕೊನೆಗೆ ಮತ್ತೊಂದು ಸುಮಿಮಾಸೆನ್.

ಊಟಕ್ಕೆ ಕೂತಾಗ ವಿಷಯ ಹೇಳಿದೆ. ಗಂಡ ಸಾರು ಬಡಿಸಿಕೊಂಡರು. ಅತ್ತೆಯ ಕೈಯಲ್ಲಿ ತುತ್ತು ಹಾಗೇ ನಿಂತಿತು.

"ನನ್ನ ಕುಂಕುಮದಿಂದ ಹೋಯ್ತೇನಮ್ಮ?"

"ಹೌದು ಅತ್ತೆ. ಅದರಿಂದಲೇ ಹೋಯ್ತು."

ಮಾರ್ಚ್‌ನಲ್ಲಿ ಮೈಸೂರಿಗೆ ವಾಪಸಾದೆವು. ಮಗಳ ಶಾಲೆಯ ಅರ್ಜಿ ತುಂಬಿ, ದೇವರ ಮುಂದಿಡಿ ಎಂದು ಅತ್ತೆಗೆ ಕೊಡಲು ಹೋದೆ. ಅವರು ಎರಡೂ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು. "ನೀನೇ ಇಟ್ಕೋಮ್ಮ. ನಾನು ಮುಟ್ಟಿದ್ರೆ ಮಗೂಗೆ ಏನಾದ್ರೂ ಆದೀತು."

ಆಗಲಾದರೂ ನಿಜ ಹೇಳಬಹುದಿತ್ತು. ಅರ್ಜಿ ಹಿಡಿದುಕೊಂಡು ಒಳಗೆ ಹೋದೆ.