ಬಿಳಿಗಾರದ ಕೆಳಗಿನ ಕೆಂಪು

1948ರ ಸೆಪ್ಟೆಂಬರ್ 17, ಶುಕ್ರವಾರ. ಸರ್ವಧಾರಿ ಸಂವತ್ಸರದ ಪಂಚಾಂಗವನ್ನು ತೆರೆದು ನೋಡಿದ್ದೇನೆ. ಅಂದು ಭಾದ್ರಪದ ಶುದ್ಧ ಚತುರ್ದಶಿ. ಹೈದರಾಬಾದ್ ಸಂಸ್ಥಾನದ ಸೈನ್ಯ ಶರಣಾದ ದಿನ. ಪೊಲೀಸ್ ಕಾರ್ಯಾಚರಣೆಯಿಂದ ದಾರಿಗಳೆಲ್ಲ ಬಂದಾಗಿದ್ದ ಆ ವಾರದಲ್ಲಿಯೇ ನನ್ನ ತಂದೆ ಊದುಗೊಳವೆಯನ್ನು ಕೆಳಗಿಟ್ಟರೆಂದು ತಾಯಿ ಕೊನೆಯವರೆಗೂ ಹೇಳುತ್ತಿದ್ದರು.

ತಂದೆ ಪತ್ತಾರರು, ಬೆಳ್ಳಿಬಂಗಾರದ ಕೆಲಸದವರು. ಆಗ ಕಲ್ಯಾಣಿ ಎಂದೇ ಕರೆಯುತ್ತಿದ್ದ ಬಸವಕಲ್ಯಾಣದಲ್ಲಿ, ಇಷ್ಟಲಿಂಗವನ್ನಿಡುವ ಬೆಳ್ಳಿಯ ಕರಡಿಗೆ ಮಾಡುವುದರಲ್ಲಿ ಅವರ ಕೈ ಹೆಸರಾಗಿತ್ತು. ಬೆಸುಗೆ ಹಾಕುವಾಗ ದೀಪದ ಉರಿಯನ್ನು ಗೊಳವೆಯಿಂದ ಊದಿ ಬೆಳ್ಳಿಗೆ ತಾಗಿಸಬೇಕು. ಅದಕ್ಕೆ ಗಲ್ಲವೇ ತಿದಿ. ಎಡಗಲ್ಲ ಊದುವುದಕ್ಕೆ, ಬಲಗಲ್ಲ ಸುಣ್ಣ ಬೆರೆಸಿದ ತಂಬಾಕಿಗೆ. ಎದುರಿಗೆ ಕೂತು ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ ಚಾಚಾ ಚುಡಾಯಿಸುತ್ತಿದ್ದರು:

"ಪತ್ತಾರ್ ಸಾಬ್, ಮಂದಿ ಬಂಗಾರ ಗಲ್ಲದಾಗ ಇಟ್ಕೊಂಡೀರೇನ್ರಿ?"

"ಬಂಗಾರ ಇದ್ದಿದ್ರ ನಿನ್ನ ಮಸಿ ನೋಡ್ಕೋತ ಯಾಕ ಕೂಡ್ತಿದ್ದೆ, ಚಾಚಾ?"

ಬಲಗಲ್ಲದ ಒಳಗೆ ಬಹುಕಾಲದಿಂದ ಒಂದು ಬಿಳಿಯ ಮಚ್ಚೆ ಇತ್ತು. ನೋವಿಲ್ಲ, ಉಜ್ಜಿದರೆ ಹೋಗದು. ಸುಣ್ಣ ಸುಟ್ಟದ್ದು ಎಂದರು ತಂದೆ, ನಾವೂ ನಂಬಿದೆವು. ಮುಂದೆ ನನ್ನ ವೃತ್ತಿಯಾದ ವೈದ್ಯಶಾಸ್ತ್ರ ಹೇಳುವುದು ಇಷ್ಟು: ಅಂಥ ಮಚ್ಚೆಯಲ್ಲಿ ಒಳಚರ್ಮದ ಪದರಗಳು ಒಂದರ ಮೇಲೊಂದು ದಪ್ಪಗಟ್ಟಿರುತ್ತವೆ. ಹೆಚ್ಚಿನವು ಹಾಗೆಯೇ ಉಳಿಯುತ್ತವೆ. ಕೆಲವುಗಳಲ್ಲಿ ಜೀವಕೋಶಗಳು ತಮ್ಮ ಕ್ರಮ ತಪ್ಪುತ್ತವೆ, ಮೇಲುಪದರ ತೆಳ್ಳಗಾಗಿ ಒಳಗಿನ ನೆತ್ತರು ಕೆಂಪಾಗಿ ಕಾಣತೊಡಗುತ್ತದೆ. ಬಿಳಿಯದಕ್ಕಿಂತ ಈ ಕೆಂಪಿಗೇ ಹೆಚ್ಚು ಹೆದರಬೇಕು. ಆದರೂ ಆ ಹೊತ್ತಿಗೆ ಕೇಡು ಮೇಲ್ಪದರದಲ್ಲಿಯೇ ಇರಬಹುದು, ಕತ್ತರಿಸಿ ತೆಗೆಯಲು ಬರುತ್ತದೆ. ತಳದ ಪೊರೆಯನ್ನು ಹರಿದು ಕೆಳಗಿಳಿದರೆ ಅದು ಅರ್ಬುದ, ಅಂದರೆ ಕ್ಯಾನ್ಸರ್.

ತಂದೆ ಕೆಂಪನ್ನು ಕಂಡು ಹೆದರಲಿಲ್ಲ, ನೆಮ್ಮದಿಪಟ್ಟರು. ಬೆಸುಗೆಗೆ ಹಾಕಿದ ಬಿಳಿಗಾರ ಕಾದು ಬಿಳಿಯ ಹೊಪ್ಪಳೆಯಾಗಿ ಕೂಡುತ್ತದೆ. ಹುಣಸೆ ನೀರಿನಲ್ಲಿ ಕುದಿಸಿದರೆ ಅದು ಕಳಚಿ, ಬಂಗಾರ ಕೆಂಪಗೆ ಹೊಳೆಯುತ್ತದೆ. ಗಲ್ಲವನ್ನೂ ಅವರು ಹಾಗೆಯೇ ಓದಿದರು.

"ಬೆಳ್ಳಂದು ಕಳಚ್ಯಾದ ನೋಡು. ಒಳಗಿನ ಅಸಲ್ ಬಣ್ಣ ಬರಾಕತ್ತದ," ಎಂದರು ತಾಯಿಗೆ.

"ಮತ್ತ ಖಾರ ಯಾಕ ಉರೀತದ್ರಿ?"

"ಹೊಸ ಮಾಂಸ. ಉರಿಲಾರದ ಏನು?"

ಆ ಉರಿ ಊದುವುದಕ್ಕೂ ಬಿಡಲಿಲ್ಲ. ಅಂಗಡಿಯಲ್ಲಿ ಅವರ ಹೊರತು ಊದುವವರಿರಲಿಲ್ಲ. ಹಿಂದೆ ಹಗುರವಾಗಿ ಕಂಡು ಎಂದೂ ಮಾಡದಿದ್ದ ಕೆಲಸವನ್ನೇ ಹಿಡಿದರು: ಬೆಸೆಯುವ ಬದಲು ಸಣ್ಣ ಬೆಳ್ಳಿಮೊಳೆ ಬಡಿದು ಕರಡಿಗೆಯನ್ನು ಕೂಡಿಸತೊಡಗಿದರು. ಕೆಂಪು ಕಂಡದ್ದು, ಊದುವುದು ನಿಂತದ್ದು, ದಾರಿ ಬಂದಾದದ್ದು, ಮೂರೂ ಕೂಡಿಯೇ ಬಂದವೆಂಬುದು ತಾಯಿಯ ನೆನಪು. ಓಡಾಟ ಸುರಳೀತವಾಗುವ ಹೊತ್ತಿಗೆ ಕೆಂಪಿನ ನಡುವೆ ಗಟ್ಟಿ ಅಂಚಿನ ಹುಣ್ಣು ಎದ್ದಿತ್ತು. ಹುಮನಾಬಾದಿನ ಡಾಕ್ಟರರು ಬಾಯಿಯೊಳಗೆ ಬೆರಳಾಡಿಸಿ, ದವಡೆಯ ಕೆಳಗಿನ ಗಂಟನ್ನು ಮುಟ್ಟಿ ನೋಡಿ, ಕೈ ತೊಳೆದುಕೊಂಡರು.

"ಹೈದರಾಬಾದಿಗಿ ಕರಕೊಂಡು ಹೋಗ್ರಿ. ಆದ್ರ ತಡ ಆಗ್ಯಾದ್ರಿ."

ಹೈದರಾಬಾದಿನಲ್ಲಿಯೂ ಅದನ್ನೇ ಅಂದರು. 1950ರ ಬೇಸಿಗೆಯಲ್ಲಿ, ಗಂಜಿಯೂ ಗಲ್ಲದ ತೂತಿನಿಂದ ಹೊರಬರುತ್ತಿದ್ದಾಗ, ತಂದೆ ತೀರಿಕೊಂಡರು. "ದಾರಿ ಚಾಲೂ ಇದ್ದಿದ್ರ ಉಳೀತಿದ್ರು," ಎಂಬುದೊಂದೇ ಮಾತಿನ ಮೇಲೆ ತಾಯಿ ಉಳಿದ ಆಯುಷ್ಯವನ್ನು ಕಳೆದರು. ನಾನೂ ಅದನ್ನು ಪ್ರಶ್ನಿಸಲಿಲ್ಲ.

ಈಚೆಗೆ ಹುಲಸೂರಿನ ಒಂದು ಮನೆಯಲ್ಲಿ ತಂದೆ ಮಾಡಿದ ಕರಡಿಗೆಯೊಂದನ್ನು ನೋಡಿದೆ. ತಳದಲ್ಲಿ ಅವರದೇ ಕೊರೆತ: ಫಸಲಿ 1357, ದೈ ಮಾಹೆ. ನಿಜಾಮರ ಕಾಲದ ಹೈದರಾಬಾದಿನ ಫಸಲಿ ವರ್ಷದ ಲೆಕ್ಕವನ್ನು ಎರಡು ಸಲ ತಾಳೆ ನೋಡಿದೆ, ದೈ ಅದರ ಎರಡನೆಯ ತಿಂಗಳು. ಅದು 1947ರ ಕೊನೆಯ ಭಾಗಕ್ಕೆ ಬರುತ್ತದೆ, ದಾರಿಗಳು ಇನ್ನೂ ತೆರೆದಿದ್ದ ಕಾಲಕ್ಕೆ. ಆ ಕರಡಿಗೆಯಲ್ಲಿ ಎಲ್ಲಿಯೂ ಬೆಸುಗೆಯಿಲ್ಲ, ಕೂಡಿಸಿದ್ದೆಲ್ಲ ಮೊಳೆಯಿಂದ.